ಹವಳಕ್ಕೆ ಬೇಲಿ, ಚಿಮಣಿಗೆ ರಹದಾರಿ

ತೂತುಕುಡಿಯೆಂಬ ಹೆಸರನ್ನು ಗಿರಣಿಯಲ್ಲಿ ದುಡಿಯುವವನೂ ಅಂಗಡಿ ಹಾಕಿಕೊಂಡು ಕುಳಿತವನೂ ಮರೆಯಬಾರದು. 1908ರ ಫೆಬ್ರವರಿಯಲ್ಲಿ ಅಲ್ಲಿಯ ಕೋರಲ್ ಮಿಲ್ಲಿನ ಕೂಲಿಕಾರರು ಬಿಳಿಯ ಧಣಿಗಳ ವಿರುದ್ಧ ಮುಷ್ಕರ ಹೂಡಿದರು. ವ. ಉ. ಚಿದಂಬರಂ ಪಿಳ್ಳೆಯವರೂ ಸುಬ್ರಹ್ಮಣ್ಯ ಶಿವ ಅವರೂ ಅವರ ಬೆನ್ನಿಗೆ ನಿಂತರು. ಕೂಲಿ ಏರಿತು; ಭಾನುವಾರದ ರಜ ದಕ್ಕಿತು. ಅದಕ್ಕೂ ಮೊದಲು, 1906ರಲ್ಲಿ, ಪಿಳ್ಳೆಯವರು ವರ್ತಕರಿಂದ ಷೇರು ಕೂಡಿಸಿ ಕೊಲಂಬೊಗೆ ಹಡಗು ನಡೆಸಲು ಸ್ವದೇಶಿ ಕಂಪನಿ ಕಟ್ಟಿದ್ದರು. ಬಿಳಿಯರ ಕಂಪನಿ ದರ ಇಳಿಸಿ ಇಳಿಸಿ ಅದರ ಉಸಿರು ಕಟ್ಟಿಸಿತು. ಸರಕಾರ ಪಿಳ್ಳೆಯವರನ್ನು ಜೈಲಿಗೆ ಹಾಕಿ ಗಾಣ ಎಳೆಸಿತು. ಈ ಕಡಲು ಯಾರದು ಎಂಬ ಜಗಳ ಅಂದಿನದು. ಅದು ಇಂದಿಗೂ ತೀರಿಲ್ಲ.

ಕೋರಲ್ ಎಂದರೆ ಹವಳ. ಹೆಸರಿಗೆ ತಕ್ಕಂತೆ ಆ ಊರಿನ ಮುಂದಿನ ಮನ್ನಾರ್ ಕೊಲ್ಲಿಯಲ್ಲಿ ಹವಳದ ದಿಬ್ಬಗಳಿವೆ. ತೂತುಕುಡಿಯಿಂದ ರಾಮೇಶ್ವರದ ಕಡೆಗೆ ದಂಡೆಗುಂಟ 21 ಸಣ್ಣ ದ್ವೀಪಗಳು. ಅವುಗಳ ಸುತ್ತ ಹವಳ, ಕಡಲ ಹುಲ್ಲು, ಕಡಲಹಸು, ಆಮೆ, ಮುತ್ತಿನ ಚಿಪ್ಪು, ಶಂಖ. ಮೀನು ಮರಿ ಮಾಡುವುದು ಅಲ್ಲಿ. ದೊಡ್ಡ ತೆರೆಗಳ ಸೊಕ್ಕು ಮುರಿದು ದಂಡೆಯ ಗುಡಿಸಲುಗಳನ್ನು ಉಳಿಸುವ ಗೋಡೆಯೂ ಅದೇ. 1986ರಲ್ಲಿ ತಮಿಳುನಾಡು ಸರಕಾರ ಈ ದ್ವೀಪಗಳನ್ನೂ ಸುತ್ತಲ ನೀರನ್ನೂ, ಒಟ್ಟು 560 ಚದರ ಕಿಲೋಮೀಟರನ್ನು, ಕಡಲ ರಾಷ್ಟ್ರೀಯ ಉದ್ಯಾನವೆಂದು ಸಾರಿತು.

ಒಳ್ಳೆಯ ಕೆಲಸವೇ. ಹವಳವನ್ನು ಕಾಯಬಾರದೆಂದು ಹೇಳುವ ಮೂರ್ಖತನ ನಮಗೆ ಬೇಡ. ನಮ್ಮ ಪ್ರಶ್ನೆ ಒಂದೇ: ಬೇಲಿ ಹಾಕಿದ್ದು ಯಾರಿಗೆ, ಬಾಗಿಲು ತೆರೆದದ್ದು ಯಾರಿಗೆ?

ಪಾಂಬನ್ನಿನ ಚಿನ್ನಪಾಲಂ ಮುಂತಾದ ಹಳ್ಳಿಗಳ ಹೆಂಗಸರು ತಲೆಮಾರಿನಿಂದ ಈ ದ್ವೀಪಗಳ ಸುತ್ತ ಮುಳುಗಿ ಕಡಲಪಾಚಿ ಆಯ್ದು ಬದುಕಿದವರು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು, ಬಂಡೆಗೆ ಅಂಟಿದ ಪಾಚಿಯನ್ನು ಕೈಯಿಂದ ಕಿತ್ತು ಸೊಂಟದ ಚೀಲಕ್ಕೆ ತುಂಬುತ್ತಾರೆ. ಅದನ್ನು ಕೊಂಡ ಕಾರ್ಖಾನೆಯವರು ಅಗರ್ ಎಂಬ ಅಂಟು ಮಾಡಿ ಮಿಠಾಯಿಗೂ ಔಷಧಕ್ಕೂ ಮಾರುತ್ತಾರೆ. ಉದ್ಯಾನದ ಕಾಯಿದೆ ಬಿಗಿಯಾದ ಮೇಲೆ ಇವರು ಅಜ್ಜಿಯ ಕಾಲದಿಂದ ಇಳಿದ ನೀರಿಗೆ ಇಳಿಯುವುದೇ ಅಪರಾಧವಾಯಿತು. ದೋಣಿ ಹಿಡಿದರು, ಪಾಚಿ ಕಸಿದರು, ದಂಡ ಹಾಕಿದರು. 2001ರಲ್ಲಿ ಕಡಲ ಸೌತೆ ಎಂಬ ಪ್ರಾಣಿಯನ್ನು ಹಿಡಿಯುವುದಕ್ಕೂ ಪೂರಾ ನಿಷೇಧ ಬಂತು. ನಿನ್ನೆಯ ಮುಳುಗುಗಾರ ಬೆಳಗಾಗುವಷ್ಟರಲ್ಲಿ ಕಳ್ಳನಾದ.

ಈ ಹೆಂಗಸರು ಕಡಲನ್ನು ಬರಿದು ಮಾಡುವವರೇನು? ತಾವೇ ಕೂತು ಕಟ್ಟಳೆ ಮಾಡಿಕೊಂಡರು: ತಿಂಗಳಿಗೆ 12 ದಿನ ಮಾತ್ರ ಕೊಯ್ಲು, ಕಬ್ಬಿಣದ ಉಪಕರಣ ಇಲ್ಲ, ಮೀನು ಮರಿ ಮಾಡುವ ಕಾಲದಲ್ಲಿ ರಜ. 2015ರಲ್ಲಿ ಚಿನ್ನಪಾಲಂನ ಪಾಚಿ ಆಯುವ ಒಬ್ಬ ಹೆಣ್ಣುಮಗಳಿಗೆ ಅಮೆರಿಕದ ಸಂಸ್ಥೆಯೊಂದು ದ್ವೀಪಗಳ ರಕ್ಷಣೆಗಾಗಿ ಪ್ರಶಸ್ತಿ ಕೊಟ್ಟಿತು. ಹೊರನಾಡಿನವರು ಕಾವಲುಗಾರ್ತಿಯೆಂದು ಕರೆದವಳು ಸ್ವಂತ ನಾಡಿನ ಕಡತದಲ್ಲಿ ಅತಿಕ್ರಮಣಗಾರ್ತಿ!

ಈಗ ಇನ್ನೊಂದು ಬಾಗಿಲು ನೋಡೋಣ. ಹವಳ ಕಲ್ಲಲ್ಲ, ಜೀವ. ಸಣ್ಣ ಸಣ್ಣ ಪ್ರಾಣಿಗಳು ಸೇರಿ ಸುಣ್ಣದ ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೆ ಇರುವ ಪಾಚಿ ಬಿಸಿಲಿನಿಂದ ಅನ್ನ ಬೇಯಿಸಿ ಕೊಡುತ್ತದೆ. ನೀರು ಕಲಕಿ ಕಪ್ಪಾದರೆ ಒಲೆ ಆರುತ್ತದೆ. ನೀರು ಕಾದರೆ ಪಾಚಿ ಹೊರಬಿದ್ದು ಹವಳ ಬಿಳಚಿಕೊಂಡು ಸಾಯುತ್ತದೆ. 2010ರಲ್ಲೂ 2016ರಲ್ಲೂ ಕಡಲು ಕಾದಾಗ ಇಲ್ಲಿ ಹೀಗೇ ಆಯಿತು. ಇಂಥ ಜೀವದ ಪಕ್ಕಕ್ಕೆ ತೂತುಕುಡಿಯಲ್ಲಿ ಏನು ತಂದಿಟ್ಟರು? 1979ರಲ್ಲಿ ಶುರುವಾಗಿ 1,050 ಮೆಗಾವಾಟಿಗೆ ಬೆಳೆದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ. ಅದು ಸರಕಾರದ್ದೇ. ಅದರ ಬೂದಿಯ ರಾಡಿಯೂ ಬಿಸಿನೀರೂ ವರ್ಷಗಟ್ಟಲೆ ಕಡಲಿಗೆ ಹರಿದವು. ಆ ಬೂದಿಯನ್ನು ಯಾವ ಕಾವಲುಗಾರನೂ ಹಿಡಿದು ದಂಡ ಹಾಕಲಿಲ್ಲ.

ಸ್ಟರ್ಲೈಟ್ ತಾಮ್ರದ ಕಾರ್ಖಾನೆಯ ಕಥೆ ಇದಕ್ಕಿಂತ ಪಾಠ ಕಲಿಸುವಂಥದು. 1994ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಕೊಡುವಾಗ, ಇಂಥ ಸೂಕ್ಷ್ಮ ಪ್ರದೇಶದಿಂದ 25 ಕಿಲೋಮೀಟರ್ ದೂರವಿರಬೇಕೆಂದು ಷರತ್ತು ಹಾಕಿತು. ಕಾರ್ಖಾನೆ ಎದ್ದದ್ದು ಅದಕ್ಕಿಂತ ಹತ್ತಿರದಲ್ಲಿ, ಅದೂ ಅದೇ ಮಂಡಳಿಯ ಕಣ್ಣೆದುರಿಗೆ. 2010ರಲ್ಲಿ ಮದರಾಸು ಹೈಕೋರ್ಟು ಮುಚ್ಚಿಸಿ ಎಂದಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ ಎಂಥ ವಾದ ಎದ್ದಿತು ಕೇಳಿ: 1986ರದು ಉದ್ಯಾನ ಮಾಡುವ ಉದ್ದೇಶದ ಪ್ರಕಟಣೆ ಮಾತ್ರ, ಕಾಯಿದೆಯ ಪ್ರಕಾರ ಕೊನೆಯ ಘೋಷಣೆ ಆಗಿಯೇ ಇಲ್ಲ! 2013ರಲ್ಲಿ ಆ ನ್ಯಾಯಾಲಯ 100 ಕೋಟಿ ರೂಪಾಯಿ ಪರಿಹಾರ ಕಟ್ಟಲು ಹೇಳಿ, ಮುಚ್ಚುವ ಆಜ್ಞೆಯನ್ನು ರದ್ದು ಮಾಡಿತು.

ಸ್ವಲ್ಪ ನಿಂತು ಯೋಚಿಸಿ. ಪಾಚಿ ಕೀಳುವ ಹೆಂಗಸಿನ ಮುಂದೆ ಉದ್ಯಾನ ಕೋಟೆಯಂತೆ ಗಟ್ಟಿ. ತಾಮ್ರ ಕರಗಿಸುವ ಧಣಿಯ ಮುಂದೆ ಅದು ಬರಿಯ ಉದ್ದೇಶದ ಕಾಗದ. ಕೊನೆಯ ಘೋಷಣೆಗೆ ಮುಂಚೆ ಕಲೆಕ್ಟರು ಸ್ಥಳೀಯರ ಹಕ್ಕುಗಳನ್ನು ವಿಚಾರಿಸಿ ತೀರ್ಮಾನಿಸಬೇಕೆಂಬುದೂ ಅದೇ ಕಾಯಿದೆಯ ಮಾತು. ಹಕ್ಕು ಕೊಡುವ ಪುಟ ಓದಲು ಸರಕಾರಕ್ಕೆ ವ್ಯವಧಾನವಿಲ್ಲ. ದಂಡ ಹಾಕುವ ಪುಟ ಮಾತ್ರ ಬಾಯಿಪಾಠ.

ಕಡೆಗೆ ಕಾರ್ಖಾನೆ ನಿಂತದ್ದು ಹೇಗೆ? 2018ರ ಮೇ 22ರಂದು, ಚಳವಳಿಯ 100ನೆಯ ದಿನ, ಜನ ಕಲೆಕ್ಟರ ಕಚೇರಿಗೆ ಮೆರವಣಿಗೆ ಹೋದರು. ಗೋಲಿಬಾರಿನಲ್ಲಿ 13 ಮಂದಿ ಸತ್ತರು. ಅದಾದ ಮೇಲೆ ಸರಕಾರ ಬೀಗ ಹಾಕಿತು. 2024ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಅಪೀಲನ್ನು ತಳ್ಳಿಹಾಕಿತು. ಕಾಗದದ ಷರತ್ತು 24 ವರ್ಷ ಮಾಡದಿದ್ದ ಕೆಲಸಕ್ಕೆ ಜನ ರಕ್ತ ಕೊಡಬೇಕಾಯಿತು.

ಗಿರಣಿಯ ಸಂಗಾತಿಗಳು ಕೇಳಬಹುದು: ಕಾರ್ಖಾನೆ ಮುಚ್ಚಿದರೆ ಅಲ್ಲಿ ದುಡಿಯುವವನ ಗತಿ ಏನು? ನ್ಯಾಯವಾದ ಪ್ರಶ್ನೆ. ಕೆಲಸ ಹೋದದ್ದು ನಿಜ, ಹೊಟ್ಟೆ ಉರಿದದ್ದು ನಿಜ. ಆದರೆ ಇಡಬಾರದ ಜಾಗದಲ್ಲಿ ಕಾರ್ಖಾನೆ ಇಟ್ಟವನೂ ಇಡಲು ಬಿಟ್ಟವರೂ ಆ ಕೂಲಿಗೆ ಹೊಣೆ. ಕೂಲಿಕಾರನನ್ನು ಒತ್ತೆಯಿಟ್ಟು ಮೀನುಗಾರನ ಬಾಯಿ ಮುಚ್ಚಿಸುವುದು ಧಣಿಗಳ ಹಳೆಯ ಪಟ್ಟು. ಆ ಪಟ್ಟಿಗೆ ನಾವು ಬೀಳಬಾರದು.

ಇನ್ನು ಕೆಲವರು ಹೇಳುತ್ತಾರೆ: ಹವಳವನ್ನು ಅಗೆದು ಹಾಳು ಮಾಡಿದವರು ಬಡವರೇ ಅಲ್ಲವೇ? ಹೌದು, ಮುಚ್ಚಿಡುವುದಿಲ್ಲ. ದಶಕಗಟ್ಟಲೆ ದೋಣಿಯಲ್ಲಿ ಹೋಗಿ ಹಾರೆಯಿಂದ ಹವಳ ಕಿತ್ತರು. ಪೂವರಸನ್‌ಪಟ್ಟಿ, ವಿಲಾಂಗುಚಲ್ಲಿ ಎಂಬ ಎರಡು ದ್ವೀಪಗಳು ನೀರಿನಡಿ ಸೇರಿಹೋದವು. ವಾನ್ ದ್ವೀಪ ಸವೆದು ಸವೆದು, 2015ರಿಂದ ಕೃತಕ ಬಂಡೆ ಇಳಿಸಿ ಅದನ್ನು ಉಳಿಸಬೇಕಾಯಿತು. ಆದರೆ ಹಾರೆ ಹಿಡಿದವನಿಗೆ ಸಿಕ್ಕಿದ್ದು ದಿನದ ಕೂಲಿ. ಸುಣ್ಣದ ಗೂಡಿನ ಲಾಭ, ಕಾರ್ಖಾನೆಯ ಲಾಭ ಯಾರ ತಿಜೋರಿಗೆ ಹೋಯಿತು? ಕೈ ಬಡವನದಾದ ಮಾತ್ರಕ್ಕೆ ಪಾಪವೆಲ್ಲ ಅವನದೇ?

ಗಿರಣಿಯ ಗೇಟಿನಲ್ಲಿ ಕೂಲಿಕಾರನ ಬುತ್ತಿಯ ಡಬ್ಬಿ ತಡಕುವುದನ್ನು ನೀವು ಕಂಡವರು. ಸಣ್ಣ ಅಂಗಡಿಯ ತಕ್ಕಡಿಯನ್ನೇ ಇನ್‌ಸ್ಪೆಕ್ಟರು ಹುಡುಕಿಕೊಂಡು ಬರುವುದನ್ನೂ ಕಂಡವರು. ಮನ್ನಾರ್ ಕೊಲ್ಲಿಯ ಕಾವಲು ಇದೇ ಜಾತಿಯದು. ಇಲಿಗೆ ಬೋನು, ಹೆಗ್ಗಣಕ್ಕೆ ಹೆಬ್ಬಾಗಿಲು.

ಆಗಬೇಕಾದ್ದು ಇಷ್ಟು. ದಂಡೆಯ ಜನರ ಹಕ್ಕುಗಳ ವಿಚಾರಣೆ ಅವರ ಹಳ್ಳಿಗಳಲ್ಲೇ ನಡೆದು, ಬರಹದಲ್ಲಿ ತೀರ್ಮಾನವಾಗಲಿ. ಪಾಚಿ ಆಯುವವರ ಕಟ್ಟಳೆಗೆ ಕಾಯಿದೆಯ ಮನ್ನಣೆ ಸಿಗಲಿ. ಕಾವಲಿನ ಕೆಲಸ, ಕಾಯಂ ಸಂಬಳದ ಸಮೇತ, ಅವರ ಮನೆಯವರಿಗೇ ದೊರೆಯಲಿ. ಯಂತ್ರದ ದೊಡ್ಡ ಬಲೆ ದೋಣಿಗಳು ದಂಡೆಯಿಂದ ದೂರ ಇರಬೇಕೆಂಬ 1983ರ ಕಾನೂನು ನಡೆಯಲಿ. ಯಾವ ಚಿಮಣಿಯಿಂದ, ಯಾವ ಕೊಳವೆಯಿಂದ ಏನು ಹೊರಡುತ್ತದೆಂಬ ಲೆಕ್ಕವನ್ನು ತಮಿಳಿನಲ್ಲಿ ಬರೆದು ಪ್ರತಿ ಹಳ್ಳಿಯ ಚಾವಡಿಯಲ್ಲಿ ತೂಗುಹಾಕಲಿ.

ಉಸಿರು ಬಿಗಿಹಿಡಿದು ಮುಳುಗುವವಳಿಗೆ ಗೊತ್ತು ಹವಳ ಬದುಕಿದೆಯೋ ಸತ್ತಿದೆಯೋ. ಅವಳನ್ನು ದಂಡೆಗೆ ಅಟ್ಟಿ, ಹವಳವನ್ನು ಕಡತದಲ್ಲಿ ಉಳಿಸುತ್ತೇವೆನ್ನುವ ಸರಕಾರವನ್ನು ನಂಬಬೇಡಿ.