ಕರೆಂಟು ಹೋದ ರಜೆ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಕೊಣನೂರಿಗೆ ಬಂದ ತಂಗಿಯ ಮಗ ಮೊದಲ ದಿನವೇ ಮುಖ ಊದಿಸಿಕೊಂಡ. ಕರೆಂಟಿಲ್ಲ, ಫ್ರಿಜ್ಜಿನ ನೀರಿಲ್ಲ. “ನಾಳೆ ಬಸ್ಸು ಹತ್ತಿಸಿಬಿಡಿ ಮಾವ” ಎಂದ. ನಮ್ಮಮ್ಮ ಮಾತಾಡದೆ ಮಡಕೆಯ ನೀರು ಕೊಟ್ಟರು.

“ಅಜ್ಜೀ, ಇದಕ್ಕೆ ಕರೆಂಟು ಬೇಡವೇ?”

ನನ್ನೊಳಗಿನ ಮೇಷ್ಟ್ರು ಸುಮ್ಮನಿರುತ್ತಾನೆಯೇ! ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದರಲ್ಲಿ ಬಹುಪಾಲನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ರಾತ್ರಿ ಅಂಗಳದಲ್ಲಿ ಚಾಪೆ ಹಾಸಿದೆವು. ಪುಸ್ತಕದಲ್ಲಷ್ಟೇ ನೋಡಿದ್ದ ಸಪ್ತರ್ಷಿ ಮಂಡಲವನ್ನು ಹುಡುಗ ತಾನೇ ಗುರುತಿಸಿದ.

ಬೆಳಿಗ್ಗೆ ತಂಗಿಯ ಫೋನು: “ಅಣ್ಣಾ, ಸೋಮವಾರದಿಂದ ಅವನಿಗೆ ಕೋಚಿಂಗ್.” ರೈತರ ಮನೆಯಲ್ಲಿ ತಂಗುವ ರಜೆಗೆಂದೇ ಇಟಲಿಯವರು 1985ರಲ್ಲಿ ಕಾನೂನು ಮಾಡಿದರು. ನಮಗೆ ಅಜ್ಜಿಮನೆಗೂ ಪುರುಸೊತ್ತಿಲ್ಲ! ಇನ್ನೊಂದು ವಾರ ಬಿಟ್ಟಿರಮ್ಮ ಎಂದಿದ್ದೇನೆ. ಹುಡುಗ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.