ಗೇರಿಗೆ ದುಡ್ಡುಂಟು, ಬ್ರೇಕಿಗಿಲ್ಲ!

ಅಗ್ಗದ ಸೈಕಲ್ಲಿಗೆ ಮತ್ತೆ ದುಡ್ಡು ಹಾಕುವುದು ದಂಡ ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಸಾಮಾನ್ಯ. ಆದರೆ ಮಗ ಹಟ ಹಿಡಿದರೆ ಅದೇ ತಂದೆ ಗೇರು ಹಾಕಿಸುತ್ತಾನೆ. ಮಗಳ ಸೈಕಲ್ಲಿನ ಬ್ರೇಕ್ ರಬ್ಬರ್ ಸವೆದಿದೆ ಎಂದರೆ ಮಾತ್ರ, "ಇನ್ನೆಷ್ಟು ದಿನ ಓದುತ್ತಾಳೆ?" ಎನ್ನುತ್ತಾನೆ.

ಈ ಲೆಕ್ಕವೇ ತಲೆಕೆಳಗು. ಸಾದಾ ಸೈಕಲ್ಲಿಗೆ ಗೇರು ಕೂರಿಸಲು ಹಿಂದಿನ ಚಕ್ರ, ಚೈನು, ಲಿವರ್ ಎಲ್ಲವೂ ಬದಲಾಗಬೇಕು. ಇಷ್ಟಾದರೂ ಆ ಭಾರದ ಕಬ್ಬಿಣದ ಚೌಕಟ್ಟು ಹಗುರಾಗುವುದಿಲ್ಲ. ಬ್ರೇಕಿನ ಮಾತು ಹಾಗಲ್ಲ. ಮಳೆಯಲ್ಲಿ ನೆನೆದ ಸ್ಟೀಲ್ ರಿಮ್ಮನ್ನು ಹೊಸ ರಬ್ಬರೇ ತಡವಾಗಿ ಹಿಡಿಯುತ್ತದೆ. ಸವೆದ ರಬ್ಬರನ್ನು ನಂಬುವುದು ಹೇಗೆ? ಸವೆದು ಹಿಗ್ಗಿದ ಚೈನು ಬದಲಿಸದಿದ್ದರೆ ಅದು ಹಲ್ಲುಚಕ್ರವನ್ನೂ ತಿನ್ನುತ್ತದೆ. ಆಗ ಉಳಿಸಿದ ದುಡ್ಡಿಗಿಂತ ಹೆಚ್ಚು ತೆರಬೇಕು.

2006-07ರಲ್ಲಿ ಸರಕಾರ ಎಂಟನೇ ತರಗತಿಗೆ ಉಚಿತ ಸೈಕಲ್ ಕೊಡತೊಡಗಿದಾಗ ನಮ್ಮ ಹುಡುಗಿಯರೂ ಪೆಡಲ್ ತುಳಿದರು. ಚೈನು ಹರಿದ ಸೈಕಲ್ ಗೋಡೆಗೊರಗಿದರೆ ಹುಡುಗಿಯೂ ಮನೆಯಲ್ಲೇ ಉಳಿಯುತ್ತಾಳೆ.

ಕುರ್‌ಆನ್ ದುಂದನ್ನೂ ಜಿಪುಣತನವನ್ನೂ ಒಟ್ಟಿಗೇ ಆಕ್ಷೇಪಿಸುತ್ತದೆ. ನಾವು ಒಂದೇ ಮನೆಯಲ್ಲಿ ಎರಡನ್ನೂ ಮಾಡುತ್ತಿದ್ದೇವೆ. ಓಡಲು, ನಿಲ್ಲಲು ಬೇಕಾದ್ದನ್ನು ಹಾಕಿಸಿ. ಮೆರೆಯಲು ಬೇಕಾದ್ದನ್ನು ಬಿಡಿ. ಮೊದಲು ಮಗಳ ಸೈಕಲ್ಲನ್ನು ರಿಪೇರಿಗೆ ಒಯ್ಯಿರಿ.