ಬಾಜಿಯ ಯಂತ್ರ ಯಾರ ಪರ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಈ ಐದರಲ್ಲಿ ಯಾವ ಊರಿಗೂ ರೇಸ್‌ಕೋರ್ಸ್ ಇಲ್ಲ. ಹತ್ತಿರದ್ದೆಂದರೆ ಗಡಿಯಾಚೆ ಹೈದರಾಬಾದಿನ ಮಲಕಪೇಟೆಯದು. ಹಾಗೆಂದು ಸುಣ್ಣದ ಕಲ್ಲು, ಸಿಮೆಂಟು, ತೊಗರಿಯ ಈ ಸೀಮೆಗೆ ಜೂಜು ಹೊಸದೇನಲ್ಲ. ಮುಂಬೈಯಲ್ಲಿ ಹುಟ್ಟಿದ ಮಟ್ಕಾದ ಓಪನ್, ಕ್ಲೋಸ್ ಅಂಕಿಗಳನ್ನು ನಂಬಿ ಕೂಲಿಯ ಹಣ ಕಳೆದುಕೊಂಡವರನ್ನು ಈ ಭಾಗ ಬಹಳ ಕಾಲದಿಂದ ಕಂಡಿದೆ. ಈಗ ಮೊಬೈಲಿನಲ್ಲಿ ಬರುತ್ತಿರುವ ಜೂಜು ತನ್ನನ್ನು ಜೂಜು ಎಂದು ಕರೆದುಕೊಳ್ಳುವುದಿಲ್ಲ, ಟ್ರೇಡಿಂಗ್ ಎನ್ನುತ್ತದೆ. ಕುದುರೆ ಓಡುತ್ತಿರುವಾಗಲೇ ಬಾಜಿ ಕೊಂಡು ಮಾರಬಹುದು, ಲೆಕ್ಕವನ್ನೆಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ, ಅದೃಷ್ಟದ ಹಂಗೇ ಇಲ್ಲ ಎಂಬುದು ಅದರ ಭರವಸೆ. ಈ ಭರವಸೆ ಸುಳ್ಳು ಎಂಬುದು ನನ್ನ ವಾದ. ಸಾಫ್ಟ್‌ವೇರ್ ಬಾಜಿಯ ಅಪಾಯವನ್ನು ಕಡಿಮೆ ಮಾಡುವುದಿಲ್ಲ. ನಿಧಾನವಾಗಿ ತಿಳಿಯುವವರ ಹಣವನ್ನು ಬೇಗ ತಿಳಿಯುವವರ ಕೈಗೆ ದಾಟಿಸುತ್ತದೆ, ಅಷ್ಟೇ.

ಮೊದಲು ವ್ಯವಹಾರ ಹೇಗೆ ನಡೆಯುತ್ತದೆಂದು ನೋಡಬೇಕು. ಹಳೆಯ ರೇಸಿನಲ್ಲಿ ಬುಕ್ಕಿ ದರ ಹೇಳುತ್ತಿದ್ದ, ಜನ ಕಟ್ಟುತ್ತಿದ್ದರು. 2000ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಬೆಟ್‌ಫೇರ್ ಎಂಬ ಎಕ್ಸ್‌ಚೇಂಜ್ ಜನರನ್ನೇ ಎದುರುಬದುರು ಕೂರಿಸಿತು. ಕುದುರೆ ಗೆಲ್ಲುತ್ತದೆಂದು ಒಬ್ಬ ಕಟ್ಟಿದರೆ, ಗೆಲ್ಲುವುದಿಲ್ಲವೆಂದು ಇನ್ನೊಬ್ಬ ಆ ಬಾಜಿ ಹಿಡಿಯುತ್ತಾನೆ. ನಮ್ಮ ದೇಶದ ಬುಕ್ಕಿಗಳ ಮಾತಿನಲ್ಲಿ ಮೊದಲನೆಯದು ಲಗಾಯಿ, ಎರಡನೆಯದು ಖಾಯಿ. ನಡುವೆ ನಿಂತ ಕಂಪನಿಗೆ ಗೆದ್ದ ಹಣದಲ್ಲಿ ಕಮಿಷನ್. ದರ 4, ಅಂದರೆ ಗೆದ್ದರೆ ಕಟ್ಟಿದ ಹಣವೂ ಸೇರಿ ಅದರ ನಾಲ್ಕು ಪಟ್ಟು ಕೈಗೆ ಬರುವಂತೆ ಇದ್ದಾಗ ಒಂದು ಕುದುರೆಯ ಮೇಲೆ 1,000 ರೂಪಾಯಿ ಲಗಾಯಿ ಮಾಡಿ, ಅದು ಮುಂದೆ ಬಂದು ದರ 2ಕ್ಕೆ ಇಳಿದಾಗ 2,000 ರೂಪಾಯಿ ಖಾಯಿ ಮಾಡಿದರೆ, ಕುದುರೆ ಗೆದ್ದರೂ ಸೋತರೂ ಕಮಿಷನ್‌ಗೆ ಮುಂಚೆ 1,000 ರೂಪಾಯಿ ಲಾಭ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕುದುರೆ ಹಿಂದೆ ಬಿದ್ದರೆ ದರ ಇಳಿಯುವುದಿಲ್ಲ, ಏರುತ್ತದೆ. ಇಳಿದರೂ ಆ ಗಳಿಗೆಯಲ್ಲಿ 2ರ ದರಕ್ಕೆ ಲಗಾಯಿ ಮಾಡುವ ಮತ್ತೊಬ್ಬ ಎದುರಿಗೆ ಸಿಗಬೇಕು. ಆ ಮತ್ತೊಬ್ಬನಿಗೆ ಏನು ಗೊತ್ತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇಲ್ಲಿ ಸಮಯದ ಲೆಕ್ಕ ಬರುತ್ತದೆ. 1,200 ಮೀಟರಿನ ಓಟ ಸುಮಾರು 72 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಂದರೆ ಕುದುರೆ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಓಡುತ್ತದೆ. ಉಪಗ್ರಹ, ಇಂಟರ್ನೆಟ್ ಹಾದು ಬರುವ ಚಿತ್ರ ಕೆಲವು ಸೆಕೆಂಡು ತಡವಾಗಿಯೇ ತಲುಪುತ್ತದೆ. ಮೂರೇ ಸೆಕೆಂಡು ಎಂದಿಟ್ಟುಕೊಂಡರೂ, ವಾಡಿಯ ಬಾಡಿಗೆ ಕೋಣೆಯಲ್ಲಿ ಮೊಬೈಲ್ ಹಿಡಿದವನು ನೋಡುತ್ತಿರುವ ಕುದುರೆ ನಿಜವಾದ ಕುದುರೆಗಿಂತ 50 ಮೀಟರ್ ಹಿಂದಿರುತ್ತದೆ. ಕೊನೆಯ ತಿರುವಿನಲ್ಲಿ ಅದು ಎಡವಿದ್ದನ್ನು ಮೈದಾನದಲ್ಲಿರುವವನು ಆಗಲೇ ಕಂಡು ದರ ಬದಲಿಸಿರುತ್ತಾನೆ. ಈ ಸೆಕೆಂಡುಗಳಿಗೆ ಎಷ್ಟು ಬೆಲೆಯಿದೆಯೆಂದರೆ, ಬ್ರಿಟನ್ನಿನ ರೇಸ್‌ಕೋರ್ಸುಗಳ ಬಳಿ ಡ್ರೋನ್ ಹಾರಿಸಿ, ಟಿವಿಗಿಂತ ಮೊದಲೇ ಚಿತ್ರ ಪಡೆದು ಬಾಜಿ ಕಟ್ಟುವವರಿದ್ದಾರೆ. ಸಾಫ್ಟ್‌ವೇರ್ ಬೆರಳಿಗಿಂತ ವೇಗವಾಗಿ ಆರ್ಡರ್ ಕಳಿಸಬಹುದು, ಆದರೆ ತಡವಾಗಿ ಬಂದ ಸುದ್ದಿಯನ್ನು ಹೊಸದಾಗಿಸಲಾರದು. ಹಳೆಯ ಸುದ್ದಿಯ ಮೇಲೆ ಇನ್ನಷ್ಟು ಬೇಗ ಹಣ ಹೂಡಿಸುವುದಷ್ಟೇ ಅದರಿಂದಾಗುವ ಉಪಕಾರ. ತೊಗರಿ ಮಂಡಿಯಲ್ಲಿ ಮುಂಬೈ ದರ ಮೊದಲೇ ಗೊತ್ತಿರುವ ವರ್ತಕನ ಮುಂದೆ ಅದು ಗೊತ್ತಿಲ್ಲದ ರೈತ ನಿಂತಂತೆ ಇದು. ರೈತನ ಕೈಯಲ್ಲಿ ತೊಗರಿಯಾದರೂ ಇರುತ್ತದೆ.

ಯಂತ್ರದ ಮುಂದೆ ಬಿಡಿ ಮನುಷ್ಯ ಏನಾಗುತ್ತಾನೆ ಎಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆಯಿದೆ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದ ಬಗ್ಗೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಯನ ವರದಿ ಪ್ರಕಟಿಸಿತು. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಬಿಡಿ ವ್ಯಾಪಾರಿಗಳ ಪೈಕಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ಎಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕೊನೆಯ ವರ್ಷ ದಲ್ಲಾಳಿ ಸಂಸ್ಥೆಗಳ ಸ್ವಂತ ವ್ಯಾಪಾರಕ್ಕೆ 33,000 ಕೋಟಿ, ವಿದೇಶಿ ಹೂಡಿಕೆದಾರರಿಗೆ 28,000 ಕೋಟಿ ರೂಪಾಯಿ ಲಾಭವಾಯಿತು. ಅದರಲ್ಲಿ ಶೇ 95ಕ್ಕೂ ಹೆಚ್ಚು ಭಾಗ ಬಂದದ್ದು ಸಾಫ್ಟ್‌ವೇರ್ ನಡೆಸುವ ವ್ಯಾಪಾರದಿಂದ. ಅಂದರೆ ಸಾಫ್ಟ್‌ವೇರ್ ಗೆಲ್ಲುವುದು ಸುಳ್ಳಲ್ಲ. ಆದರೆ ಗೆಲ್ಲುವುದು ದೊಡ್ಡವರ ಸಾಫ್ಟ್‌ವೇರ್, ತಿಂಗಳ ಬಾಡಿಗೆಗೆ ಸಿಗುವುದಲ್ಲ. ಸೆಬಿಯ ಕಣ್ಗಾವಲಿನಲ್ಲಿ ನಡೆಯುವ ಪೇಟೆಯಲ್ಲೇ ಹೀಗಾದರೆ, ಯಾರ ಹಿಡಿತವೂ ಇಲ್ಲದ ಬಾಜಿ ಜಾಲತಾಣದಲ್ಲಿ ಸಣ್ಣವನ ಗತಿ ಇದಕ್ಕಿಂತ ಚೆನ್ನಾಗಿರಲು ಕಾರಣವೇ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಕೌಶಲದ್ದು. ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿರುವುದು ನಿಜ. ಕುದುರೆಯ ತಳಿ, ಜಾಕಿಯ ಚಾತುರ್ಯ, ಹಿಂದಿನ ಓಟಗಳನ್ನು ಅಳೆದು ತೂಗುವುದರಲ್ಲಿ ಕೌಶಲವಿದೆ. ಆದರೆ ಒಂದು ಆಟದಲ್ಲಿ ಕೌಶಲ ಇರುವುದು ಬೇರೆ, ಆಡುವವನಲ್ಲಿ ಅದು ಇರುವುದು ಬೇರೆ. ಕೌಶಲದ ಆಟವಾದಷ್ಟೂ ಅರಿಯದವನು ಸೋಲುವುದು ಖಚಿತ. ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಮಳೆ ನಂಬಿ ತೊಗರಿ ಬಿತ್ತುವ ಚಿಂಚೋಳಿಯ ರೈತ ಆಡುವುದೂ ಜೂಜಲ್ಲವೇ? ಅಲ್ಲ. ರೈತ ಅಪಾಯವನ್ನು ಹುಟ್ಟಿಸುವುದಿಲ್ಲ, ಆಗಲೇ ಇರುವ ಅಪಾಯವನ್ನು ಹೊರುತ್ತಾನೆ. ಹೊತ್ತದ್ದಕ್ಕೆ ಊರಿಗೆ ಬೇಳೆ ಸಿಗುತ್ತದೆ. 2025–26ಕ್ಕೆ ಕ್ವಿಂಟಲಿಗೆ 8,000 ರೂಪಾಯಿಯ ಬೆಂಬಲ ಬೆಲೆಯ ಆಸರೆಯನ್ನು ಸಮಾಜ ಅವನಿಗೆ ಕೊಟ್ಟಿರುವುದೂ ಇದಕ್ಕಾಗಿಯೇ. ಬಾಜಿಯಲ್ಲಿ ಒಬ್ಬನ ಗಳಿಕೆ ಇನ್ನೊಬ್ಬನ ನಷ್ಟ. ಕಮಿಷನ್ ಕಳೆದರೆ ಎಲ್ಲರ ಮೊತ್ತ ಮೊದಲಿಗಿಂತ ಕಡಿಮೆಯೇ.

ಉಳಿದದ್ದು ನಿಷೇಧದ ಪ್ರಶ್ನೆ. ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಜೂಜು ನಿಷೇಧದ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳ ವಿರುದ್ಧ ಕಾಯ್ದೆ ಮಾಡಿತು. ನಿಷೇಧಿಸಿದರೆ ದಂಧೆ ಕದ್ದುಮುಚ್ಚಿ ನಡೆಯುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ, ಕಾನೂನಿಗೆ ಮಟ್ಕಾ ಅಳಿಯಲಿಲ್ಲ. ಆದರೂ ಈ ಕಾಯ್ದೆಯ ಒಂದು ನಿಲುವು ಸರಿಯಾಗಿದೆ. ಅದು ಶಿಕ್ಷಿಸುವುದು ಆಟ ನಡೆಸುವವರನ್ನು, ಜಾಹೀರಾತು ಮಾಡುವವರನ್ನು, ಹಣ ಸಾಗಿಸುವವರನ್ನು. ಆಡಿ ಸೋತವನನ್ನಲ್ಲ. ಗೆಲ್ಲುವ ಸೂತ್ರವೆಂದು ಬಾಜಿ ಸಾಫ್ಟ್‌ವೇರ್ ಮಾರುವವರೂ ಇದೇ ಸಾಲಿಗೆ ಸೇರಬೇಕು. ಜೊತೆಗೆ ಶಹಾಬಾದ, ಸೇಡಂನ ಕಾಲೇಜು, ಐಟಿಐಗಳಲ್ಲಿ ಈ ಲೆಕ್ಕ ಪಾಠವಾಗಬೇಕು. ಜೂಜು ಪಾಪವೆಂಬ ಬೋಧನೆಯನ್ನು ಹುಡುಗರು ಕೇಳಿ ಮರೆಯುತ್ತಾರೆ. ನಿನ್ನ ಬಾಜಿ ಹಿಡಿದವನು ಯಾರು, ಅವನಿಗೆ ನಿನಗಿಂತ ಎಷ್ಟು ಮೊದಲು ತಿಳಿಯುತ್ತದೆ, ಗೆಲ್ಲುವ ಯಂತ್ರ ಕೈಲಿರುವವನು ಅದನ್ನು ತಾನೇ ನಡೆಸದೆ ನಿನಗೇಕೆ ಮಾರುತ್ತಾನೆ ಎಂಬ ಮೂರು ಪ್ರಶ್ನೆಗಳನ್ನು ಅವರೇ ಕೇಳಿಕೊಳ್ಳುವಂತಾದರೆ, ಉತ್ತರ ಅವರಿಗೇ ಹೊಳೆಯುತ್ತದೆ. ಹಾಗೆ ತಾವೇ ಕಂಡುಕೊಂಡ ಉತ್ತರವನ್ನು ಯಾವ ಜಾಹೀರಾತೂ ಸುಲಭವಾಗಿ ಮರೆಸಲಾರದು.